ಜಿಪಿಎಸ್1 ಸೆನ್ಸರ್: ಗಿಡದೊಳಗಿನ ಜಿಎ ನೋಡಬೇಕು ಅನ್ನುವವರಿಗೆ

ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವವರಿಗೆ ಜಿಎ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಕಾಳು ದಪ್ಪ ಆಗಲಿ ಅಂತ ಸಿಂಪಡಿಸುತ್ತೇವೆ, ಗೊಂಚಲನ್ನೇ ಅದ್ದುತ್ತೇವೆ. ಆದರೆ ಈ ಜಿಎ, ಅಂದರೆ ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನ್, ಗಿಡದೊಳಗೆ ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅಂತ ಗಿಡವನ್ನು ಅರೆಯದೆ, ಜೀವಂತವಾಗಿಯೇ ನೋಡೋಕೆ ಜಿಪಿಎಸ್1 (ಜಿಬ್ಬರೆಲಿನ್ ಪರ್ಸೆಪ್ಷನ್ ಸೆನ್ಸರ್ 1) ಬೇಕು, ಇದು ದಾರಿ ತೋರಿಸುವ ಜಿಪಿಎಸ್ ಅಲ್ಲ. ಬೆಳಗಾವಿಯ ನಮ್ಮ ಲ್ಯಾಬಿನಲ್ಲಿ ಇದನ್ನು ಬಳಸಿದ ಮೇಲೆ ಬರೆಯುತ್ತಿದ್ದೇನೆ.

2017ರಲ್ಲಿ ಬಂದ ಸೆನ್ಸರ್ ಇದು, ಸಸ್ಯವಿಜ್ಞಾನಿ ಅಲೆಕ್ಸಾಂಡರ್ ಜೋನ್ಸ್ ತಂಡದ ಕೆಲಸ. ಸಾಸಿವೆ ಜಾತಿಯ ಪುಟ್ಟ ಗಿಡ ಅರಾಬಿಡಾಪ್ಸಿಸ್‌ನಲ್ಲಿ ಇದರ ಜೀನ್ ಸೇರಿಸಿರುತ್ತಾರೆ, ಗಿಡವೇ ಸೆನ್ಸರ್ ತಯಾರಿಸಿಕೊಳ್ಳುತ್ತದೆ. ಜಿಎ ಹಿಡಿಯುವ ಪ್ರೋಟೀನಿಗೆ ಹೊಳೆಯುವ ಎರಡು ಪ್ರೋಟೀನ್ ಜೋಡಿಸಿದ್ದಾರೆ. ಒಂದು ತಿಳಿನೀಲಿ, ಒಂದು ಹಳದಿ. ಜಿಎ ಬಂದು ಕೂತರೆ ನೀಲಿಯ ಶಕ್ತಿ ಹಳದಿಗೆ ಜಾಸ್ತಿ ದಾಟುತ್ತದೆ. ಎರಡರ ಬೆಳಕಿನ ಅನುಪಾತ ಅಳೆದರೆ ಆಯ್ತು, ಅದು ಏರಿದಷ್ಟೂ ಜಿಎ ಜಾಸ್ತಿ.

ಮೈಕ್ರೋಸ್ಕೋಪಿನಲ್ಲಿ ಬೇರು ಇಟ್ಟು ನೋಡಿ, ಎಷ್ಟು ಚೆಂದ! ಸೆನ್ಸರ್ ಕೋಶದ ನ್ಯೂಕ್ಲಿಯಸ್‌ನಲ್ಲೇ ಇರುವುದರಿಂದ ಒಂದೊಂದು ಕೋಶವೂ ಬೇರೆ ಬೇರೆ ಚುಕ್ಕೆಯಾಗಿ ಕಾಣುತ್ತದೆ. ಕೋಶಗಳು ವಿಭಜನೆಯಾಗುವ ತುದಿಯಲ್ಲಿ ಅನುಪಾತ ಕಡಿಮೆ, ಅಲ್ಲಿಂದ ಸ್ವಲ್ಪ ಮೇಲೆ, ಕೋಶಗಳು ಉದ್ದ ಆಗುವ ಜಾಗಕ್ಕೆ ಬರುತ್ತಿದ್ದಂತೆ ಏರುತ್ತಾ ಹೋಗುತ್ತದೆ. ಹೊರಗಿನಿಂದ ಜಿಎ ಕೊಟ್ಟರೂ ಅಷ್ಟೇ, ಎಲ್ಲ ಕಡೆ ಸಮನಾಗಿ ಹರಡುವುದಿಲ್ಲ, ಉದ್ದ ಆಗುವ ಕೋಶಗಳಲ್ಲೇ ಜಾಸ್ತಿ ಸೇರುತ್ತದೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ವಿಷಯ, ಏಕೆಂದರೆ ಎಷ್ಟು ಕೊಟ್ಟೆವು ಅನ್ನೋದಷ್ಟೇ ಲೆಕ್ಕಕ್ಕೆ ಬರುವುದಿಲ್ಲ, ಯಾವ ಕೋಶ ಎಷ್ಟು ಇಟ್ಟುಕೊಂಡಿತು ಅನ್ನೋದೂ ಮುಖ್ಯ ಅಲ್ವಾ?

ಕೊರತೆಯೂ ಇದೆ. ಹಿಡಿದ ಜಿಎಯನ್ನು ಇದು ಬೇಗ ಬಿಡುವುದಿಲ್ಲ. ಹಾಗಾಗಿ ಮಟ್ಟ ಏರಿದ್ದು ಗೊತ್ತಾಗುತ್ತದೆ, ಇಳಿದದ್ದು ಸರಿಯಾಗಿ ಗೊತ್ತಾಗುವುದಿಲ್ಲ. ಇಳಿಯುವುದೂ ನೋಡಬೇಕಿದ್ದರೆ ಆಮೇಲೆ ಬಂದ ಜಿಪಿಎಸ್2 ಕಡೆ ಹೋಗಿ. ಇನ್ನೊಂದು, ಜಿಎಯಲ್ಲಿ ಹಲವು ಬಗೆ ಇವೆ; ಇದು ಜಿಎ4 ಎಂಬ ಬಗೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ನಮ್ಮ ತೋಟಕ್ಕೆ ಬರುವ ಪ್ಯಾಕೆಟ್ಟಿನ ಜಿಎ3 ಮೇಲೆ ಅಷ್ಟು ಹಿಡಿತ ಇಲ್ಲ. ದ್ರಾಕ್ಷಿ ಬಳ್ಳಿಯಲ್ಲಿ ನೇರವಾಗಿ ನೋಡೋಣ ಅಂದರೂ ಸುಮ್ನೆ ಆಗುವ ಕೆಲಸವಲ್ಲ, ಮೊದಲು ಬಳ್ಳಿಗೆ ಜೀನ್ ಸೇರಿಸಬೇಕು.

ತರಿಸುವವರು ಜಿಪಿಎಸ್1-ಎನ್‌ಆರ್ ಬೀಜವನ್ನೂ ತಪ್ಪದೆ ತರಿಸಿ. ಅದು ಜಿಎಗೆ ಸ್ಪಂದಿಸದ ಸೆನ್ಸರ್. ಅದರಲ್ಲೂ ಅದೇ ಏರಿಳಿತ ಕಂಡರೆ, ಅದು ಜಿಎ ಕೆಲಸವಲ್ಲ, ಬೇರೇನೋ ಆಗುತ್ತಿದೆ ಅಂತ ತಿಳಿಯಿರಿ. ಎರಡನ್ನೂ ಒಂದೇ ದಿನ, ಒಂದೇ ಸೆಟ್ಟಿಂಗ್‌ನಲ್ಲಿ ನೋಡಿ.