ಒಂದು ಕಿವಿಯ ದನಿ ಇಳಿದಾಗ: ಎರಡು ಸಾವಿರದೊಳಗಿನ ಇಯರ್‌ಫೋನ್, ಮಳೆಗಾಲ ದಾಟಿದ ಮೇಲೆ

ಯಕ್ಷಗಾನದ ಏರುಪದ್ಯ, ಜೊತೆಗೆ ಚೆಂಡೆಯ ಪೆಟ್ಟು, ಭಾಗವತರ ಕೈಯಲ್ಲಿ ಜಾಗಟೆ. ಅಗ್ಗದ ಇಯರ್‌ಫೋನ್‌ನ ಬಣ್ಣ ಬಯಲಾಗೋಕೆ ಇಷ್ಟು ಸಾಕು. ಈ ದರದ ಹೆಚ್ಚಿನವು ಐದು ನಿಮಿಷದಲ್ಲಿ ಕಿವಿ ಚುಚ್ಚೋಕೆ ಶುರುಮಾಡ್ತವೆ. ವಾಲ್ಯೂಮ್ ಇಳಿಸಿದರೆ ಚೆಂಡೆ ತಗ್ಗುತ್ತೆ ನಿಜ, ಪದ್ಯದ ಸಾಹಿತ್ಯವೂ ಜೊತೆಗೇ ಹೋಗುತ್ತೆ. ನಾನು ಬಳಸ್ತಿರೋ ವೈರ್ ಇಯರ್‌ಫೋನ್‌ನಲ್ಲಿ ಮಾತ್ರ ಇಡೀ ಪ್ರಸಂಗ ಕೇಳಿದರೂ ಕಿವಿ ದಣಿಯಲ್ಲ. ಚೆಂಡೆಯ ಪೆಟ್ಟು ಪೆಟ್ಟಾಗಿಯೇ ಬೀಳುತ್ತೆ, ಮದ್ದಳೆ ಅದರಡಿ ಮುಚ್ಚಿಹೋಗಲ್ಲ, ಪದ್ಯ ಅಕ್ಷರ ಅಕ್ಷರವಾಗಿ ತಿಳಿಯುತ್ತೆ. ಎರಡು ಸಾವಿರ ರೂಪಾಯಿಯೊಳಗೆ ಇದು ಸಿಗುತ್ತೆ ಅನ್ನೋ ನಿರೀಕ್ಷೆ ನನಗಿರಲಿಲ್ಲ.

ಕಂಪನಿಯ ಹೆಸರು ಬೇಕೆಂದೇ ಬಿಟ್ಟಿದ್ದೇನೆ. 10 ಮಿ.ಮೀ. ಡೈನಾಮಿಕ್ ಡ್ರೈವರ್ (ಧ್ವನಿ ಹೊರಡಿಸೋ ಪುಟ್ಟ ಸ್ಪೀಕರ್) ಒಂದೇ, ಲೋಹದ ಚಿಪ್ಪು, ಬಿಚ್ಚಿ ಹಾಕಬಹುದಾದ 0.78 ಮಿ.ಮೀ. ಎರಡು ಪಿನ್ ಕೇಬಲ್. ಈ ರಚನೆಯ ಮಾಡೆಲ್‌ಗಳು ಮಾರುಕಟ್ಟೆಯಲ್ಲಿ ಹತ್ತಾರಿವೆ. ಇವುಗಳ ಗುಣ ಹೆಚ್ಚುಕಡಿಮೆ ಒಂದೇ, ರೋಗವೂ ಒಂದೇ. ಡಬ್ಬಿ ಮೇಲಿನ 20ರಿಂದ 20,000 ಹರ್ಟ್ಜ್ ಅನ್ನೋದನ್ನ ಓದೋ ಅಗತ್ಯವಿಲ್ಲ. ಅದನ್ನ ಎಲ್ಲರೂ ಬರೀತಾರೆ.

ಧ್ವನಿ ಹೇಗಿದೆ ಅಂತ ತೀರ್ಮಾನಿಸೋ ಮೊದಲು ಟಿಪ್, ಅಂದರೆ ಕಿವಿಯೊಳಗೆ ಕೂರೋ ಮೆತ್ತನೆ ತುದಿ, ಸರಿಮಾಡಿಕೊಳ್ಳಿ. "ಬೇಸ್ ಇಲ್ಲ, ಬರೀ ಚೀರುತ್ತೆ" ಅನ್ನೋ ದೂರುಗಳಲ್ಲಿ ಬಹುಪಾಲು ಡ್ರೈವರ್‌ನದ್ದಲ್ಲ, ಟಿಪ್ಪಿನದ್ದು. ಕಿವಿಯೊಳಗೆ ಗಾಳಿ ಸೋರಿದರೆ ಮೊದಲು ಹೋಗೋದು 100 ಹರ್ಟ್ಜ್‌ಗಿಂತ ಕೆಳಗಿನ ಧ್ವನಿ. ಪರೀಕ್ಷೆ ಸುಲಭ. ಟೋನ್ ಜನರೇಟರ್ ಆ್ಯಪ್‌ನಲ್ಲಿ 40 ಹರ್ಟ್ಜ್ ಹಾಕಿ, ವಾಲ್ಯೂಮ್ ಕಡಿಮೆ ಇಟ್ಟು, ಎರಡೂ ಇಯರ್‌ಫೋನನ್ನ ಬೆರಳಿಂದ ಮೆಲ್ಲಗೆ ಒಳಗೆ ಒತ್ತಿ. ಒತ್ತಿದಾಗ ಗುಂಯ್ ಸದ್ದು ಜೋರಾದರೆ ಸೀಲ್ ಆಗಿಲ್ಲ ಅಂತ ಅರ್ಥ. ಕಿವಿಯ ಮೇಲ್ತುದಿಯನ್ನ ಹಿಂದಕ್ಕೂ ಮೇಲಕ್ಕೂ ಎಳೆದು, ಬಾಯಿ ಸ್ವಲ್ಪ ತೆರೆದು, ಟಿಪ್ಪನ್ನ ತಿರುಗಿಸುತ್ತಾ ಒಳಗೆ ಬಿಡಿ. ಎರಡು ಕಿವಿಗೆ ಒಂದೇ ಅಳತೆ ಆಗಬೇಕು ಅಂತೇನಿಲ್ಲ. ಎಡಕ್ಕೆ ಮೀಡಿಯಂ, ಬಲಕ್ಕೆ ಲಾರ್ಜ್ ಬೇಕಾಗೋರು ಬಹಳ ಜನ ಇದ್ದಾರೆ. ಅಗಲ ಬಾಯಿಯ ಟಿಪ್‌ನಲ್ಲಿ ಟ್ರೆಬಲ್ (ಚೂಪು, ತಾರ ಧ್ವನಿ) ತೆರೆದುಕೊಳ್ಳುತ್ತೆ, ಕಿರಿದಾದ ಬಾಯಿಯದ್ದರಲ್ಲಿ ಸಾಮಾನ್ಯವಾಗಿ ತಗ್ಗುತ್ತೆ. ಫೋಮ್ ಟಿಪ್ ಟ್ರೆಬಲನ್ನ ಇನ್ನಷ್ಟು ಹೀರುತ್ತೆ, ಆದರೆ ಬೆವರು ಕುಡಿದು ಕೆಲವೇ ತಿಂಗಳಲ್ಲಿ ಸವೆದುಹೋಗುತ್ತೆ. ನಮ್ಮ ಸೆಖೆಗೆ ಸಿಲಿಕೋನ್ ಟಿಪ್ಪೇ ವಾಸಿ.

ಎರಡು ಇಯರ್‌ಫೋನ್ ಹೋಲಿಸೋದಾದರೆ ವಾಲ್ಯೂಮ್ ಸಮ ಮಾಡಿಕೊಳ್ಳದೆ ಕೂರಬೇಡಿ. ಒಂದೆರಡು ಡೆಸಿಬೆಲ್ ಜೋರಿರೋದೇ ಯಾವಾಗಲೂ "ಇಂಪಾಗಿದೆ, ಬೇಸ್ ತುಂಬಿದೆ" ಅನ್ನಿಸುತ್ತೆ. ಮಾಪನಕ್ಕೆ ದುಬಾರಿ ಉಪಕರಣ ಬೇಡ. ಮೊಬೈಲ್ ಮೈಕ್‌ಗೆ ಪುಟ್ಟ ರಬ್ಬರ್ ಟ್ಯೂಬ್ ಹಿಡಿದು, ಇನ್ನೊಂದು ತುದಿಗೆ ಟಿಪ್ ಬಿಗಿಯಾಗಿ ಕೂರಿಸಿ, ಇನ್ನೊಂದು ಮೊಬೈಲ್‌ನಿಂದ 500 ಹರ್ಟ್ಜ್ ಟೋನ್ ನುಡಿಸಿ, ಸೌಂಡ್ ಮೀಟರ್ ಆ್ಯಪ್‌ನಲ್ಲಿ ತೋರೋ ಸಂಖ್ಯೆ ನೋಡಿ. ಆ ಸಂಖ್ಯೆ ನಿಜವಾದ ಡೆಸಿಬೆಲ್ ಅಲ್ಲ, ಆದರೆ ಎರಡರ ಅಂತರ ತಿಳಿಯೋಕೆ ಸಾಕು. ಯಾವ ಇಯರ್‌ಫೋನ್‌ಗೆ ವಾಲ್ಯೂಮ್ ಎಷ್ಟನೇ ಮೆಟ್ಟಿಲು ಅಂತ ಬರೆದಿಟ್ಟುಕೊಂಡರೆ ಮುಂದೆ ಪ್ರತಿ ಸಲ ಅಳೆಯೋ ಕೆಲಸವಿಲ್ಲ.

ಈಗ ಕಿವಿ ಚುಚ್ಚೋ ವಿಷಯ. ಬರಿಗಿವಿಯ ನಾಳ ತಾನೇ 3,000 ಹರ್ಟ್ಜ್ ಆಸುಪಾಸಿನ ಧ್ವನಿಯನ್ನ ಎತ್ತಿ ಕೊಡುತ್ತೆ. ಇಯರ್‌ಫೋನ್ ತುರುಕಿದಾಗ ನಾಳ ಮುಚ್ಚಿ ಆ ಸಹಜ ಏರಿಕೆ ತಪ್ಪುತ್ತೆ. ಹಾಗಾಗಿ ತಯಾರಕರು ಅದನ್ನ ಡ್ರೈವರ್‌ನಲ್ಲೇ ತುಂಬಬೇಕು. ಕಡಿಮೆ ತುಂಬಿದರೆ ಹಾಡುಗಾರರು ಕಂಬಳಿ ಹೊದ್ದು ಹಾಡಿದ ಹಾಗಿರುತ್ತೆ, ಹೆಚ್ಚಾದರೆ ನಾಗಸ್ವರ, ಪಿಟೀಲಿನ ತಾರಸ್ಥಾಯಿ, ಹೆಣ್ಣುದನಿ ಎಲ್ಲ ಅರಚುತ್ತವೆ. ಎಷ್ಟು ತುಂಬಬೇಕು ಅನ್ನೋದಕ್ಕೆ ಹರ್ಮನ್ ಅನ್ನೋ ಆಡಿಯೋ ಕಂಪನಿಯಲ್ಲಿ ಶಾನ್ ಆಲಿವ್ ಮತ್ತವರ ತಂಡ ಕೇಳುಗರ ಮೇಲೆ ಪರೀಕ್ಷೆ ನಡೆಸಿ ರೂಪಿಸಿದ ಹರ್ಮನ್ ಗುರಿರೇಖೆ (ಯಾವ ಧ್ವನಿ ಎಷ್ಟಿರಬೇಕು ಅನ್ನೋ ಮಾದರಿ ನಕ್ಷೆ) ಇವತ್ತು ಅಗ್ಗದ ಚೀನಾ ಕಂಪನಿಗಳಿಗೂ ದಾರಿದೀಪ. ಈ ದರದ ಇಯರ್‌ಫೋನ್‌ಗಳು ಹತ್ತು ವರ್ಷದ ಹಿಂದಿನದ್ದಕ್ಕಿಂತ ಎಷ್ಟೋ ಮೇಲಾಗಿರೋದಕ್ಕೆ ಅದು ದೊಡ್ಡ ಕಾರಣ. ನನ್ನದರಲ್ಲಿ ಈ ಏರಿಕೆ ಹದವಾಗಿದೆ.

ಸಕಾರ, ಶಕಾರದ ಸಿಡುಕು ಬೇರೆ ಕಡೆ ಇರುತ್ತೆ, ಸುಮಾರು 5,000ದಿಂದ 9,000 ಹರ್ಟ್ಜ್ ನಡುವೆ. ಇದನ್ನ ಹಿಡಿಯೋಕೆ ಸಂಗೀತಕ್ಕಿಂತ ತಾಳಮದ್ದಳೆಯ ಅರ್ಥಗಾರಿಕೆ ಒಳ್ಳೆಯದು. ಸಂಸ್ಕೃತ ಪದ ತುಂಬಿದ ಮಾತು, ಒಬ್ಬರೇ ಮಾತಾಡ್ತಿರ್ತಾರೆ, ಹಿಂದೆ ವಾದ್ಯ ಇಲ್ಲ. "ಶಿಷ್ಯ", "ದುಶ್ಶಾಸನ" ಅನ್ನೋ ಕಡೆ ಸೀಟಿ ಹೊಡೆದಂತೆ ಕೇಳಿದರೆ ಅಲ್ಲಿ ಉಬ್ಬಿದೆ ಅಂತ ಲೆಕ್ಕ. ಆದರೆ ಒಂದು ಎಚ್ಚರಿಕೆ: ಸಭೆಯ ಲೌಡ್‌ಸ್ಪೀಕರ್ ಮುಂದೆ ಮೊಬೈಲ್ ಹಿಡಿದು ಮಾಡಿದ ರೆಕಾರ್ಡಿಂಗ್‌ನಲ್ಲಿ ಆ ಸೀಟಿ ಮೂಲದಲ್ಲೇ ಇರುತ್ತೆ. ಮಿಕ್ಸರ್‌ನಿಂದ ನೇರ ತೆಗೆದದ್ದನ್ನೇ ಬಳಸಿ.

ಬೇಸ್ ನೋಡೋಕೆ ಮೃದಂಗದ ಎಡಮುಖ ಸಾಕು. ರವೆ ಹಚ್ಚಿದ ಆ ಕಡೆಯ ನಾದ ಜಾರುತ್ತಾ ಏರಿಳಿಯೋದು ಕೇಳಬೇಕು, ಬಲಮುಖದ ಕರಣೆಯ (ಕಪ್ಪು ಲೇಪದ) ಟಣತ್ಕಾರ ಅದರಿಂದ ಮಸುಕಾಗಬಾರದು. ಪೆಟ್ಟುಗಳೆಲ್ಲ ಒಂದೇ "ಧಂ" ಆಗಿ ಬಂದರೆ ಬೇಸ್ ಹೆಚ್ಚಿದೆ ಅಂತ ಸಂತೋಷಪಡೋದೇನೂ ಇಲ್ಲ. ಕೆಳ ಮಧ್ಯಮ ಭಾಗಕ್ಕೆ ಗಂಗೂಬಾಯಿ ಹಾನಗಲ್ ಅವರ ದನಿ ಹಾಕಿ ನೋಡಿ. ಅದರ ಗಾತ್ರ ಉಳೀಬೇಕು, ಹಾಗೇ ತಂಬೂರಿ ಅದರ ಹಿಂದೆ ಪ್ರತ್ಯೇಕವಾಗಿ ಕೇಳ್ತಿರಬೇಕು. ತಂಬೂರಿಯ ಜೀವಾರಿ, ಅಂದರೆ ತಂತಿ ಮೀಟಿದಾಗ ಏಳೋ ಹೊಳಪಿನ ನಾದ, ಬರೀ ಗುಂಗಾಗಿ ಉಳಿದರೆ ಟ್ರೆಬಲ್ ಸತ್ತಿದೆ, ಜೇನುನೊಣದ ಝೇಂಕಾರವಾದರೆ ಟ್ರೆಬಲ್ ಉಬ್ಬಿದೆ. ನನ್ನ ಜೋಡಿಯಲ್ಲಿ ತಂಬೂರಿ ನಾಲ್ಕೂ ತಂತಿ ಬಿಡಿಬಿಡಿಯಾಗಿ ಮೀಟಿದಂತೆ ಬರುತ್ತೆ. ಅದೊಂದಕ್ಕೇ ದುಡ್ಡು ವಸೂಲಾಯ್ತು ಅಂತ ಬರೆದು ಮುಗಿಸಬಹುದಿತ್ತು, ಮಳೆಗಾಲ ಬರದೇ ಇದ್ದಿದ್ದರೆ.

ಜೂನ್‌ನಿಂದ ಈ ಇಯರ್‌ಫೋನ್ ಬೇರೆಯೇ ವಸ್ತು. ಚೆನ್ನಾಗಿ ನುಡೀತಿದ್ದದ್ದು ಅರ್ಧ ಗಂಟೆಯೊಳಗೆ ಒಂದು ಕಡೆ ಮಂಕಾಗುತ್ತೆ. ಹಾಡುಗಾರರು ತಲೆಯ ನಡುವಿನಿಂದ ಮೆಲ್ಲಗೆ ಬಲಕ್ಕೆ ಸರೀತಾರೆ, ಕೊನೆಗೆ ಎಡಗಿವಿಯಲ್ಲಿ ಪಿಸುಮಾತು. ಮರುದಿನ ಬೆಳಿಗ್ಗೆ ಎಲ್ಲ ಸರಿ, ಸಂಜೆ ಮತ್ತೆ ಅದೇ ಕಥೆ. ಎಲ್ಲ ಬಿಟ್ಟು ಧ್ವನಿಯ ಸಮತೋಲವನ್ನೇ ನಂಬಿ ಕೊಂಡ ವಸ್ತು ಹೀಗೆ ಮಾಡಿದರೆ ಸಿಟ್ಟು ಬರದೇ ಇರುತ್ತಾ? ಮಾರಿದವರು ತೇವಾಂಶದ ದೋಷಕ್ಕೆ ವಾರಂಟಿ ಇಲ್ಲ ಅಂದರು. ಕಿವಿಯೊಳಗೆ ಹಾಕೋ ಸಾಮಾನಿಗೆ ತೇವಾಂಶ ಹೊರಗಿನ ವಿಷಯ ಅನ್ನೋದು ವಿಚಿತ್ರ ನ್ಯಾಯ.

ಡ್ರೈವರ್ ಕೆಟ್ಟಿಲ್ಲ. ಟಿಪ್ ಕೂರೋ ಮೂತಿಯ ತುದಿಯಲ್ಲಿ ಸಣ್ಣ ಜಾಲರಿ ಇರುತ್ತೆ. ಅದು ಗುಗ್ಗೆ ತಡೆಯೋಕೆ ಮಾತ್ರ ಅಲ್ಲ, ಧ್ವನಿಯ ಹದಕ್ಕೂ ಬೇಕು. ಕಿವಿಯೊಳಗಿನ ಗಾಳಿ ಬೆಚ್ಚಗೆ, ತೇವವಾಗಿ ಇರುತ್ತೆ. ಲೋಹದ ಚಿಪ್ಪು ತಣ್ಣಗಿರುತ್ತೆ, ಎಸಿ ಕೋಣೆಯಲ್ಲಂತೂ ಇನ್ನೂ ತಣ್ಣಗೆ. ಆವಿ ಜಾಲರಿ ಮೇಲೆ ನೀರಾಗಿ ಕೂತು ಅದರ ಸೂಕ್ಷ್ಮ ರಂಧ್ರಗಳನ್ನ ತೆಳು ಪದರದಂತೆ ಮುಚ್ಚುತ್ತೆ. ಅರ್ಧ ಮುಚ್ಚಿದರೆ ಮೊದಲು ಟ್ರೆಬಲ್ ಹೋಗುತ್ತೆ, ಪೂರ್ತಿ ಮುಚ್ಚಿದರೆ ಇಡೀ ಧ್ವನಿ ಇಳಿಯುತ್ತೆ. ಜಾಲರಿ ದಟ್ಟವಾದಷ್ಟೂ ಚೆಂಡೆ ಕಿವಿಗೆ ಚುಚ್ಚಲ್ಲ, ಆದರೆ ಅಷ್ಟೇ ಬೇಗ ನೀರು ಕಟ್ಟುತ್ತೆ. ಮೆಚ್ಚಿದ ಗುಣವೂ ಬೈದ ದೋಷವೂ ಒಂದೇ ಜಾಲರಿಯಿಂದ ಬಂದದ್ದು. ಮಂಗಳೂರು, ಉಡುಪಿ, ಕಾರವಾರದ ಕಡೆ ವರ್ಷದ ಬಹುಪಾಲು ಈ ಕಾಟ ಇದ್ದೇ ಇರುತ್ತೆ. ಕಲಬುರಗಿಯ ಒಣ ಬೇಸಿಗೆಯಲ್ಲಿ ಬಳಸೋರಿಗೆ ಇದು ಗೊತ್ತೇ ಆಗದೆ ಇರಬಹುದು.

ದೋಷ ಎಲ್ಲಿದೆ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಇಯರ್‌ಫೋನನ್ನ ಎಡಬಲ ಅದಲುಬದಲು ಮಾಡಿ ಹಾಕಿ. ಮಂಕು ಇಯರ್‌ಫೋನ್ ಜೊತೆ ಆಚೆ ಹೋದರೆ ಇಯರ್‌ಫೋನ್ ಅಥವಾ ಕೇಬಲ್ ದೋಷ. ಅದೇ ಕಿವಿಯಲ್ಲಿ ಉಳಿದರೆ ಕಿವಿಯಲ್ಲೇ ಗುಗ್ಗೆ ಇದೆ ಅಥವಾ ಆ ಕಡೆ ಟಿಪ್ ಸೀಲ್ ಆಗಿಲ್ಲ. ಆಮೇಲೆ ಕೇಬಲ್‌ನ ಎರಡು ತುದಿಯನ್ನ ಆಚೀಚೆ ಚುಚ್ಚಿ ನೋಡಿ, ಕೇಬಲ್ ದೋಷವೂ ತಿಳಿಯುತ್ತೆ. ಚುಚ್ಚುವಾಗ ಗಮನವಿರಲಿ: ಒಂದು ಕಡೆಯ ಪಿನ್ ಮಾತ್ರ ತಿರುವುಮುರುವಾದರೆ ಎರಡು ಡ್ರೈವರ್‌ಗಳು ಎದುರುಬದುರು ಎಳೀತವೆ. ಆಗ ಬೇಸ್ ತೆಳುವಾಗುತ್ತೆ, ನಡುವೆ ನಿಲ್ಲಬೇಕಾದ ಹಾಡುಗಾರರ ದನಿ ಎರಡೂ ಕಿವಿಗೆ ಹರಿದುಹೋಗಿ ಎಲ್ಲಿಂದ ಬರ್ತಿದೆ ಅಂತಲೇ ತಿಳಿಯಲ್ಲ. ಇದನ್ನ ಇಯರ್‌ಫೋನ್ ಕೆಟ್ಟಿದೆ ಅಂದುಕೊಂಡು ಎಸೆಯೋರಿದ್ದಾರೆ.

ನೀರು ಕಟ್ಟಿದ್ದೇ ಆದರೆ ಟಿಪ್ ತೆಗೆದು, ಮೂತಿ ಕೆಳಮುಖ ಮಾಡಿ, ಟಿಶ್ಯೂ ಪೇಪರ್‌ನ ಚೂಪು ಮೂಲೆಯನ್ನ ಜಾಲರಿಗೆ ತಾಗಿಸಿ ಹಿಡಿಯಿರಿ. ಕಾಗದ ತಾನೇ ನೀರು ಎಳಕೊಳ್ಳುತ್ತೆ. ಉಜ್ಜಬೇಡಿ. ಊದಲೂ ಬೇಡಿ, ನೀರು ಒಳಗಿನ ಪೊರೆಯ ಕಡೆಗೆ ಹೋಗುತ್ತೆ, ಪೊರೆಗೂ ಪೆಟ್ಟು. ಹೇರ್ ಡ್ರೈಯರ್ ಬಿಸಿಗೆ ಜಾಲರಿಯ ಅಂಟು ಸಡಿಲವಾಗುತ್ತೆ. ಅಕ್ಕಿ ಡಬ್ಬದಲ್ಲಿ ಹೂತಿಡೋ ಉಪಾಯವಂತೂ ಬೇಡವೇ ಬೇಡ, ಹಿಟ್ಟಿನ ಧೂಳು ಜಾಲರಿಗೆ ಸೇರಿದರೆ ನೀರಿಗಿಂತ ಕಷ್ಟ.

ರಾತ್ರಿಯ ಕೆಲಸವೇ ನಿಜವಾದ ಮದ್ದು. ಟಿಪ್ ಎರಡನ್ನೂ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿ, ಮೂತಿಯ ಸುತ್ತ ಒಂದು ಸುತ್ತು ಒರೆಸಿ, ಟಿಪ್ ಬೇರೆಯಾಗಿಯೇ ಇಟ್ಟು, ಇಯರ್‌ಫೋನನ್ನ ಗಟ್ಟಿ ಮುಚ್ಚಳದ ಸಣ್ಣ ಡಬ್ಬಿಯೊಳಗೆ ಸಿಲಿಕಾ ಜೆಲ್ ಜೊತೆ ಮಲಗಿಸೋದು. ನಿಮಿಷವೂ ಹಿಡಿಯಲ್ಲ. 50 ಗ್ರಾಂ ಕಿತ್ತಳೆ ಬಣ್ಣದ ಹರಳು ಒಂದು ಪುಟ್ಟ ಡಬ್ಬಿಗೆ ಧಾರಾಳ. ಹಸಿರಾದರೆ ನೀರು ಕುಡಿದಿದೆ ಅಂತ. ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆಯಾಗುತ್ತೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ಮನೆಗೆ ಬೇಡ. ಶೂ ಡಬ್ಬಿಯಿಂದ ತೆಗೆದಿಟ್ಟ ಚೀಟಿಗಳು ಆಗಲೇ ತೇವ ಕುಡಿದು ಕೂತಿರ್ತವೆ, ಅವನ್ನ ನೆಚ್ಚಬೇಡಿ. ವಾರಕ್ಕೊಮ್ಮೆ ಟಿಪ್ಪನ್ನ ಸೋಪುನೀರಲ್ಲಿ ತೊಳೆದು ಪೂರ್ತಿ ಒಣಗಿದ ಮೇಲೆಯೇ ಹಾಕಿ. ಒಳಗೋಡೆಯಲ್ಲಿ ಒಂದು ಹನಿ ಉಳಿದರೂ ನೇರ ಜಾಲರಿಗೇ ಇಳಿಯುತ್ತೆ.

ಒಣಗಿಸಿದರೂ ಮಂಕು ಹೋಗದಿದ್ದರೆ ಗುಗ್ಗೆಯ ಜಿಡ್ಡು ಜಾಲರಿಯೊಳಗೆ ಕೂತಿದೆ, ಅದನ್ನೇ ಬದಲಾಯಿಸಬೇಕು. ಸ್ಪಿರಿಟ್ ಹಾಕಿದರೆ ಜಿಡ್ಡು ಕರಗಿ ಒಳಗಿಳಿಯುತ್ತೆ, ಅಂಟೂ ಬಿಡುತ್ತೆ. ಹಿಂದೆ ಅಂಟಿರೋ ಪುಟ್ಟ ಸ್ಟೀಲ್ ಜಾಲರಿ ಬಿಲ್ಲೆಗಳು ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಒಂದು ಹಾಳೆ ಸಿಗುತ್ತವೆ. ಮೂತಿಯ ಒಳ ಅಂಚನ್ನ ಅಳೆದೇ ತರಿಸಿ, ಅರ್ಧ ಮಿ.ಮೀ. ವ್ಯತ್ಯಾಸವಾದರೂ ಕೂರಲ್ಲ. ಸೂಜಿಯನ್ನ ಓರೆಯಾಗಿ ಅಂಚಿಗೆ ಕೊಟ್ಟು ಹಳೆಯದನ್ನ ಎಬ್ಬಿಸಿ. ನೇರ ಚುಚ್ಚಿದರೆ ಡ್ರೈವರ್ ಹೋಯ್ತು. ಒಂದು ಕಡೆ ಮಾತ್ರ ಕೆಟ್ಟಿದ್ದರೂ ಎರಡೂ ಕಡೆ ಹೊಸದು ಹಾಕಿ, ಇಲ್ಲವಾದರೆ ದಟ್ಟಣೆ ಬೇರೆಯಾಗಿ ಮತ್ತೆ ದನಿ ವಾಲುತ್ತೆ. ಈ ಸ್ಟೀಲ್ ಬಿಲ್ಲೆಗಳು ಮೂಲದ್ದಕ್ಕಿಂತ ತೆರವಾಗಿರೋದೇ ಹೆಚ್ಚು. ನೀರು ಕಟ್ಟೋದು ಬಹಳ ಕಮ್ಮಿಯಾಗುತ್ತೆ, ಬದಲಿಗೆ ಟ್ರೆಬಲ್ ತುಸು ಏರುತ್ತೆ.

ಏರಿದ್ದನ್ನ ಇಳಿಸೋಕೆ, ಬೇಕಾದ ಧ್ವನಿಯನ್ನಷ್ಟೇ ಏರಿಸಿ ಇಳಿಸೋ ಈಕ್ವಲೈಜರ್ ಇದೆ. 4,000ದಿಂದ 10,000 ಹರ್ಟ್ಜ್‌ವರೆಗೆ ಟೋನನ್ನ ನಿಧಾನ ಏರಿಸುತ್ತಾ, ಕಡಿಮೆ ವಾಲ್ಯೂಮ್‌ನಲ್ಲಿ, ಎಲ್ಲಿ ಥಟ್ಟನೆ ಚುಚ್ಚುತ್ತೋ ಆ ಸಂಖ್ಯೆ ಬರೆದುಕೊಳ್ಳಿ. ಅಲ್ಲಿ 3 ಡೆಸಿಬೆಲ್ ಇಳಿಸಿ, ಕ್ಯೂ (ಎಷ್ಟು ಅಗಲಕ್ಕೆ ಇಳಿಸಬೇಕು ಅನ್ನೋ ಅಳತೆ) 3 ಇಡಿ. ನಿಮ್ಮ ಸಂಖ್ಯೆ ಇನ್ನೊಬ್ಬರದ್ದಕ್ಕೆ ಹೊಂದಲ್ಲ, ಟಿಪ್ ಎಷ್ಟು ಆಳ ಹೋಗುತ್ತೆ ಅನ್ನೋದರ ಮೇಲೆ ಅದು ಸರಿಯುತ್ತೆ. ಮಾಪನದ ಕೃತಕ ಕಿವಿಯಲ್ಲೂ 8,000 ಹರ್ಟ್ಜ್ ಹತ್ತಿರ ಅದರದ್ದೇ ಅನುರಣನ ಇರೋದರಿಂದ ವಿಮರ್ಶಕರು ಹಾಕೋ ಧ್ವನಿ ಗ್ರಾಫ್‌ನ ಆ ಭಾಗ ನೋಡಿ ಕೊಳ್ಳೋ ತೀರ್ಮಾನ ಬೇಡ. ಎಲ್ಲಾದರೂ ಏರಿಸೋದಿದ್ದರೆ ಅಷ್ಟೇ ಡೆಸಿಬೆಲ್ ಪ್ರೀಆಂಪ್ (ಈಕ್ವಲೈಜರ್‌ನ ಒಟ್ಟು ಮಟ್ಟ) ಇಳಿಸಿ, ಇಲ್ಲವಾದರೆ ಜೋರು ಭಾಗಗಳು ಒಡೀತವೆ.

ಹೆಡ್‌ಫೋನ್ ಜ್ಯಾಕ್ ಇಲ್ಲದ ಮೊಬೈಲ್‌ಗೆ ಟೈಪ್ ಸಿ ಡಾಂಗಲ್ ಬೇಕು. ಡ್ಯಾಕ್ ಚಿಪ್ (ಡಿಜಿಟಲ್ ಸಂಕೇತವನ್ನ ಧ್ವನಿಯಾಗಿ ಬದಲಿಸೋ ಭಾಗ) ಒಳಗಿದೆಯೋ ಇಲ್ಲವೋ ಕೇಳಿ ತಗೊಳ್ಳಿ. ಚಿಪ್ ಇಲ್ಲದ ಬರೀ ತಂತಿಯ ಡಾಂಗಲ್‌ನಿಂದ ಎಷ್ಟೋ ಮೊಬೈಲ್‌ಗಳಲ್ಲಿ ಸದ್ದೇ ಬರಲ್ಲ. ಚಿಪ್ ಇರೋ ಸಾಧಾರಣ ಡಾಂಗಲ್ ಈ ಇಯರ್‌ಫೋನ್‌ಗೆ ಸಾಕು, ಬೇರೆ ಆಂಪ್‌ಗೆ ದುಡ್ಡು ಸುರಿಯೋದು ದಂಡ.

ಅಂಕ ಕೊಡೋದಾದರೆ ಒಳನಾಡಿನವರಿಗೆ ಐದಕ್ಕೆ ನಾಲ್ಕೂವರೆ. ಕರಾವಳಿಯವರಿಗೆ, ಬೆಳಿಗ್ಗೆ ಓಡುವಾಗ ಹಾಕೋರಿಗೆ, ರಾತ್ರಿ ಟಿಪ್ ಬಿಚ್ಚೋ ತಾಳ್ಮೆ ಇಲ್ಲದೋರಿಗೆ ಮೂರು. ಅಂಥವರು ಮೂತಿಯನ್ನೇ ತಿರುಗಿಸಿ ಬಿಚ್ಚಿ ಜಾಲರಿ ಬದಲಾಯಿಸಬಹುದಾದ ಮಾಡೆಲ್ ಹುಡುಕಲಿ. ಇದೇ ದರದಲ್ಲಿ ಈಗ ಅಂಥವೂ ಬರ್ತಿವೆ, ಡಬ್ಬಿಯಲ್ಲೇ ಹೆಚ್ಚುವರಿ ಜಾಲರಿ ಇಟ್ಟಿರ್ತಾರೆ.