ಯೂನಿವರ್ಸಿಟಿ ಚಾಲೆಂಜ್: ಬಜರ್ ಒತ್ತುವ ಧೈರ್ಯಕ್ಕೆ ನಾಲ್ಕೂವರೆ ಸ್ಟಾರ್

ಐದಕ್ಕೆ ನಾಲ್ಕೂವರೆ. ಅರ್ಧ ಯಾಕೆ ಕಟ್ ಅನ್ನುವುದು ಆಮೇಲೆ ಹೇಳುತ್ತೇನೆ.

ಬಿಬಿಸಿ ಟೂನಲ್ಲಿ ಸೋಮವಾರ ರಾತ್ರಿ ಬರುವ ‘ಯೂನಿವರ್ಸಿಟಿ ಚಾಲೆಂಜ್’ ಅನ್ನುವ ಕ್ವಿಜ್ ಶೋ ಬಗ್ಗೆ ಬರೆಯುತ್ತಿದ್ದೇನೆ. ಇಲ್ಲಿ ಬ್ರಿಟನ್ನಿನಲ್ಲಿ ಮನೆ ಮಾಡಿರುವ ನಮ್ಮಂಥವರು ಟಿವಿ ಲೈಸೆನ್ಸ್ ಅಂತ ವರ್ಷ ವರ್ಷ ದುಡ್ಡು ಕಟ್ಟಬೇಕು, 2025ರ ಏಪ್ರಿಲ್‌ನಲ್ಲಿ ಅದು 174.50 ಪೌಂಡ್ ಆಯಿತು. ಅಷ್ಟು ಕಟ್ಟಿ ಏನು ನೋಡುತ್ತೀರಿ ಅಂತ ಊರಿನವರು ಕೇಳಿದರೆ ನಾನು ಹೇಳುವುದು ಈ ಅರ್ಧ ಗಂಟೆಯ ಹೆಸರನ್ನೇ. ಉಳಿದದ್ದೆಲ್ಲ ನಮ್ಮ ಮನೆಯಲ್ಲಿ ಅಷ್ಟಕ್ಕಷ್ಟೇ.

ಗೊತ್ತಿಲ್ಲದವರಿಗೆ, ಆಟ ಹೀಗಿದೆ. ಎರಡು ತಂಡ, ತಂಡಕ್ಕೆ ನಾಲ್ಕು ಜನ ವಿದ್ಯಾರ್ಥಿಗಳು. ಮೊದಲು ಹತ್ತು ಅಂಕದ ಒಂದು ಪ್ರಶ್ನೆ, ಅದಕ್ಕೆ ಸ್ಟಾರ್ಟರ್ ಅನ್ನುತ್ತಾರೆ. ಬಜರ್ ಒತ್ತಿದವರು ಒಬ್ಬರೇ ಉತ್ತರ ಹೇಳಬೇಕು, ಪಕ್ಕದವರನ್ನು ಕೇಳುವ ಹಾಗಿಲ್ಲ. ಸರಿಯಾದರೆ ಆ ತಂಡಕ್ಕೆ ಮಾತ್ರ ಮೂರು ಬೋನಸ್ ಪ್ರಶ್ನೆ, ಒಂದೊಂದಕ್ಕೆ ಐದು ಅಂಕ. ಬೋನಸ್‌ಗೆ ನಾಲ್ಕೂ ಜನ ತಲೆ ಸೇರಿಸಿ ಗುಸುಗುಸು ಮಾಡಬಹುದು. ಆದರೆ ಉತ್ತರ ಕ್ಯಾಪ್ಟನ್ ಬಾಯಿಂದಲೇ ಬರಬೇಕು, ಇಲ್ಲವೇ ಅವರು ‘ನಾಮಿನೇಟ್’ ಅಂತ ಹೇಳಿ ಇನ್ನೊಬ್ಬರಿಗೆ ಬಿಟ್ಟುಕೊಡಬೇಕು. ನಡುವೆ ಚಿತ್ರದ ಸುತ್ತು, ಸಂಗೀತದ ಸುತ್ತು. ಕೊನೆಗೆ ಜಾಗಟೆ ಹೊಡೆದಾಗ ಯಾರ ಅಂಕ ಜಾಸ್ತಿಯೋ ಅವರು ಗೆದ್ದರು. ಲೈಫ್‌ಲೈನ್ ಇಲ್ಲ, ಅಳಿಸುವ ಕಥೆ ಇಲ್ಲ, ಉತ್ತರ ಹೇಳದೆ ಬ್ರೇಕ್‌ಗೆ ಹೋಗಿ ಹೊಟ್ಟೆ ಉರಿಸುವುದಂತೂ ಇಲ್ಲವೇ ಇಲ್ಲ.

ಆದರೆ ಈ ಆಟದ ಜೀವ ಇರುವುದು ಒಂದು ಸಣ್ಣ ನಿಯಮದಲ್ಲಿ. ಪ್ರಶ್ನೆ ಮುಗಿಯುವ ಮೊದಲೇ ಬಜರ್ ಒತ್ತಿ ತಪ್ಪು ಹೇಳಿದರೆ ಐದು ಅಂಕ ಹೋಗುತ್ತದೆ. ಪೂರ್ತಿ ಕೇಳಿ ತಪ್ಪು ಹೇಳಿದರೆ ಏನೂ ಹೋಗುವುದಿಲ್ಲ. ಐದು ತಾನೇ ಅನಿಸಬಹುದು, ಸ್ವಲ್ಪ ಲೆಕ್ಕ ಹಾಕಿ ನೋಡಿ. ನಿಮ್ಮದು ಐದು ಹೋಯಿತು, ಎದುರಿನವರು ಆರಾಮಾಗಿ ಇಡೀ ಪ್ರಶ್ನೆ ಕೇಳಿಸಿಕೊಂಡು ಹತ್ತು ತೆಗೆದುಕೊಂಡರು, ಮೂರು ಬೋನಸ್ಸೂ ಸರಿಹೋದರೆ ಮತ್ತೆ ಹದಿನೈದು, ಅಲ್ಲಿಗೆ ಒಂದೇ ಅವಸರಕ್ಕೆ 30 ಅಂಕದ ಅಂತರ! ಹಾಗಂತ ಸುಮ್ನೆ ಕಾದು ಕೂತರೆ ಎದುರಿನವರು ಮೊದಲೇ ಒತ್ತಿರುತ್ತಾರೆ.

ನಮ್ಮ ಕಡೆಯ ವಿಷಯ ಇಟ್ಟುಕೊಂಡು ನಾನೇ ಒಂದು ಪ್ರಶ್ನೆ ಮಾಡಿ ತೋರಿಸುತ್ತೇನೆ. ‘1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿ, 1955ರಲ್ಲಿ ಭಾರತರತ್ನ ಪಡೆದ ಇಂಜಿನಿಯರ್ ದಿವಾನರಾಗಿದ್ದಾಗ, 1916ರಲ್ಲಿ ಶುರುವಾದ ವಿಶ್ವವಿದ್ಯಾಲಯ ಯಾವುದು?’ ಮುದ್ದೇನಹಳ್ಳಿ ಅಂದ ಕೂಡಲೇ ಅರ್ಧ ಕರ್ನಾಟಕ ಬಜರ್ ಒತ್ತಿ ವಿಶ್ವೇಶ್ವರಯ್ಯ ಅಂದುಬಿಡುತ್ತದೆ. ಹೋಯ್ತು ಐದು ಅಂಕ, ಉತ್ತರ ಮೈಸೂರು ವಿಶ್ವವಿದ್ಯಾಲಯ. ಪಳಗಿದ ಆಟಗಾರ್ತಿಗೂ ವಿಶ್ವೇಶ್ವರಯ್ಯ ಅಂತ ಮೊದಲ ಸಾಲಿಗೇ ಗೊತ್ತಾಗಿರುತ್ತದೆ, ಆದರೂ ಆಫ್ ಸ್ಟಂಪ್ ಆಚೆಯ ಬಾಲ್ ಬಿಡುವ ದ್ರಾವಿಡ್ ಥರ ಕೈ ಕಟ್ಟಿಕೊಂಡಿರುತ್ತಾಳೆ. ‘ದಿವಾನರಾಗಿದ್ದಾಗ’ ಅಂದಾಗ ಪ್ರಶ್ನೆ ಬೇರೆ ಕಡೆ ತಿರುಗಿತು ಅಂತ ತಿಳಿಯುತ್ತದೆ. 1916 ಅಂತ ಕಿವಿಗೆ ಬಿದ್ದರೆ ಸಾಕು, ಒತ್ತೇಬಿಡುತ್ತಾಳೆ. ಈಗೀಗ ನಾನು ಉತ್ತರಕ್ಕಿಂತ ಜಾಸ್ತಿ ಗಮನ ಕೊಡುವುದು ಯಾವ ಪದಕ್ಕೆ ಬಜರ್ ಬಿತ್ತು ಅನ್ನುವುದಕ್ಕೆ. ನೀವೂ ಹಾಗೆ ನೋಡಿ, ಉತ್ತರ ಗೊತ್ತಿಲ್ಲದ ಫಿಸಿಕ್ಸ್ ಪ್ರಶ್ನೆಯಲ್ಲೂ ಮಜಾ ಸಿಗುತ್ತದೆ.

ನಮ್ಮ ಕಾಲೇಜು ಕ್ವಿಜ್‌ಗಳಿಗಿಂತ ಇದು ಬೇರೆಯಾಗುವುದೂ ಇಲ್ಲೇ. 1983ರಲ್ಲಿ ಶುರುವಾದ ಬೆಂಗಳೂರಿನ ಕರ್ನಾಟಕ ಕ್ವಿಜ್ ಅಸೋಸಿಯೇಷನ್‌ನ ಕ್ವಿಜ್‌ಗಳ ರುಚಿ ಹತ್ತಿದವರಿಗೆ ಗೊತ್ತು, ಅಲ್ಲಿ ಉದ್ದನೆಯ ಪ್ರಶ್ನೆ ಪರದೆ ಮೇಲೆ ಬರುತ್ತದೆ, ಓದಿ, ಯೋಚಿಸಿ, ಸುಳಿವು ಜೋಡಿಸಿ ಉತ್ತರಕ್ಕೆ ಹೋಗಬೇಕು. ಪೌನ್ಸ್ ಮಾಡುವುದಾ (ಅಂದರೆ ಸರದಿ ಬರುವ ಮೊದಲೇ ಉತ್ತರ ಕೊಟ್ಟುಬಿಡುವುದು), ಬೌನ್ಸ್‌ಗೆ ಕಾಯುವುದಾ (ಪ್ರಶ್ನೆ ಬೇರೆ ತಂಡಗಳನ್ನು ದಾಟಿ ನಮ್ಮ ಸರದಿಗೆ ಬರಲಿ ಅನ್ನುವುದು) ಅಂತ ತಂಡವೆಲ್ಲ ಕೂತು ಮಾತಾಡಬಹುದು. ಇಲ್ಲಿ ಸ್ಟಾರ್ಟರ್‌ಗೆ ಆ ಪುರುಸೊತ್ತೇ ಇಲ್ಲ. ನನಗೆ ಎರಡೂ ಇಷ್ಟ, ಆದರೆ ಟಿವಿಯಲ್ಲಿ ನೋಡುವುದಕ್ಕೆ ಇದೇ ಸರಿ.

ಬಜರ್ ಬಿದ್ದ ತಕ್ಷಣ ಒಂದು ದನಿ ಕಾಲೇಜಿನ ಹೆಸರನ್ನೂ ಆಟಗಾರರ ಸರ್‌ನೇಮನ್ನೂ ಕೂಗುತ್ತದಲ್ಲ, ಅದು ರೋಜರ್ ಟಿಲ್ಲಿಂಗ್ ಅವರದು. ಅಂಕ ಹತ್ತಿರ ಹತ್ತಿರ ಇದ್ದು ಟೈಮ್ ಮುಗಿಯುತ್ತಾ ಬಂದರೆ ಅವರ ದನಿಯೂ ಏರುತ್ತದೆ. ಭಾರತದ ಕಡೆಯ ಹೆಸರು ಕೇಳಿದರೆ ನಮ್ಮ ಮನೆಯಲ್ಲಿ ಎಲ್ಲರೂ ನೆಟ್ಟಗೆ ಕೂರುತ್ತಾರೆ. (ಸರ್‌ನೇಮೇ ಇಲ್ಲದೆ ಬರೀ ಇನಿಷಿಯಲ್ ಇಟ್ಟುಕೊಂಡ ನಮ್ಮಂಥವರು ಹೋದರೆ ಏನಂತ ಕೂಗುತ್ತಾರೋ ಕಾಣೆ.)

ಈಗ ಪ್ರಶ್ನೆ ಕೇಳುವವರು ಅಮೋಲ್ ರಾಜನ್. ಹುಟ್ಟಿದ್ದು ಕೋಲ್ಕತ್ತದಲ್ಲಿ, ಚಿಕ್ಕ ಮಗುವಾಗಿದ್ದಾಗಲೇ ಇಲ್ಲಿಗೆ ಬಂದವರು, ‘ದಿ ಇಂಡಿಪೆಂಡೆಂಟ್’ ಪತ್ರಿಕೆಯ ಸಂಪಾದಕರಾಗಿದ್ದವರು. 1962ರಲ್ಲಿ ಐಟಿವಿಯಲ್ಲಿ ಶುರುವಾದಾಗ ಬ್ಯಾಂಬರ್ ಗ್ಯಾಸ್ಕಾಯ್ನ್ ಇದ್ದರು, 1987ರವರೆಗೂ ಅವರೇ. ಆಮೇಲೆ ಶೋ ನಿಂತುಹೋಗಿ, 1994ರಲ್ಲಿ ಬಿಬಿಸಿ ಮತ್ತೆ ಶುರು ಮಾಡಿದಾಗ ಬಂದವರು ಜೆರೆಮಿ ಪ್ಯಾಕ್ಸ್‌ಮನ್. ಪಾರ್ಕಿನ್ಸನ್ ಕಾಯಿಲೆ ಇದೆ ಅಂತ ತಿಳಿಸಿದ ಮೇಲೂ ಅವರು ಕೆಲಸ ಮುಂದುವರಿಸಿ 2023ರಲ್ಲಿ ಬಿಟ್ಟರು. ಅರವತ್ತು ವರ್ಷ ದಾಟಿದ ಶೋಗೆ ಬರೀ ಮೂರು ಜನ! ಪ್ಯಾಕ್ಸ್‌ಮನ್ ದಡ್ಡ ಉತ್ತರ ಕೇಳಿದರೆ ಹುಬ್ಬು ಏರಿಸಿ ಚುಚ್ಚುತ್ತಿದ್ದರು. ರಾಜನ್ ಹಾಗಲ್ಲ, ಹುಡುಗರ ಜೊತೆ ತಾವೂ ಖುಷಿಪಡುತ್ತಾರೆ. ಹಳೆಯ ಅಭಿಮಾನಿಗಳಿಗೆ ಇದು ಸಪ್ಪೆ ಅನಿಸಬಹುದು. ನನಗಂತೂ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ತಪ್ಪು ಹೇಳಿದ್ದಕ್ಕೆ ಟಿವಿಯಲ್ಲಿ ಬೈಸಿಕೊಳ್ಳುವುದನ್ನು ನೋಡುವ ಆಸೆ ಯಾವತ್ತೂ ಇರಲಿಲ್ಲ.

ಈಗ ಆ ಅರ್ಧ ಸ್ಟಾರ್ ವಿಷಯ. ಮ್ಯಾಂಚೆಸ್ಟರ್, ಇಂಪೀರಿಯಲ್‌ನಂಥ ಇಡೀ ವಿಶ್ವವಿದ್ಯಾಲಯಕ್ಕೆ ಒಂದೇ ತಂಡ. ಆದರೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನ ಕಾಲೇಜುಗಳು ಬೇರೆ ಬೇರೆಯಾಗಿ ಬರಬಹುದು. ಒಂದು ಸರಣಿಯ 28 ತಂಡಗಳಲ್ಲಿ ಈ ಎರಡೇ ಊರಿನವರು ಎಷ್ಟು ಜಾಗ ಹಿಡಿಯುತ್ತಾರೆ ಅಂತ ನೋಡಿದರೆ ಯಾರಿಗಾದರೂ ಕಿರಿಕಿರಿ ಆಗುತ್ತದೆ. ಇದು ಹೊಸ ಜಗಳವೂ ಅಲ್ಲ. 1975ರಲ್ಲಿ ಮ್ಯಾಂಚೆಸ್ಟರ್ ತಂಡ ಇದನ್ನು ಪ್ರತಿಭಟಿಸಿ, ಏನು ಕೇಳಿದರೂ ಮಾರ್ಕ್ಸ್, ಟ್ರಾಟ್‌ಸ್ಕಿ, ಲೆನಿನ್, ಚೆ ಗೆವಾರ ಅಂತಲೇ ಉತ್ತರ ಹೇಳುತ್ತಾ ಕೂತಿತ್ತು. ಪಾಪ, ಗ್ಯಾಸ್ಕಾಯ್ನ್ ಪಾಡು! ಇಷ್ಟಾದರೂ 2024ರಲ್ಲಿ ಐದನೇ ಸಲ ಗೆದ್ದು ದಾಖಲೆ ಮಾಡಿದ್ದು ಲಂಡನ್ನಿನ ಇಂಪೀರಿಯಲ್ ಕಾಲೇಜು. ಅದು ನೋಡಿ ಹೊಟ್ಟೆ ತಣ್ಣಗಾಯಿತು, ಹಾಗಂತ ನಿಯಮ ಸರಿ ಅಂತೇನೂ ಆಗುವುದಿಲ್ಲ.

ವಿದ್ಯಾರ್ಥಿ ಅಂದರೆ ಯಾರು ಅನ್ನುವುದೂ ಇಲ್ಲಿ ಸ್ವಲ್ಪ ಸಡಿಲ. ಮೊದಲ ವರ್ಷದ ಹುಡುಗನ ಪಕ್ಕದಲ್ಲಿ ಪಿಎಚ್‌ಡಿ ಮಾಡುತ್ತಿರುವ ಮೂವತ್ತು ದಾಟಿದವರೂ ಕೂತಿರುತ್ತಾರೆ. ಆದರೆ ಓದುತ್ತಲೇ ಇರಬೇಕು ಅನ್ನುವ ನಿಯಮ ಮಾತ್ರ ಗಟ್ಟಿ. 2009ರಲ್ಲಿ ಆಕ್ಸ್‌ಫರ್ಡಿನ ಕಾರ್ಪಸ್ ಕ್ರಿಸ್ಟಿ ತಂಡ ಗೇಲ್ ಟ್ರಿಂಬಲ್ ಅನ್ನುವ ಕ್ಯಾಪ್ಟನ್ ಬಲದಿಂದ ಫೈನಲ್ ಗೆದ್ದಿತ್ತು, ಪತ್ರಿಕೆಗಳ ತುಂಬ ಅವರದೇ ಸುದ್ದಿ. ಆಮೇಲೆ ನೋಡಿದರೆ ತಂಡದಲ್ಲಿ ಒಬ್ಬರು ಓದು ಮುಗಿಸಿ ಕೆಲಸಕ್ಕೆ ಸೇರಿಯಾಗಿತ್ತು. ತಂಡವನ್ನು ಅನರ್ಹ ಮಾಡಿದರು, ಫೈನಲ್‌ನಲ್ಲಿ ಸೋತಿದ್ದ ಮ್ಯಾಂಚೆಸ್ಟರ್‌ಗೆ ಟ್ರೋಫಿ ಹೋಯಿತು. ಟ್ರಿಂಬಲ್ ಆಟ ನೋಡಿದವರಿಗೆ ಈಗಲೂ ಅದು ಸಂಕಟವೇ.

ಇನ್ನೊಂದು ದೂರು ಸಂಗೀತದ ಸುತ್ತಿನದು. ಹೆಚ್ಚಾಗಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಇಲ್ಲವೇ ಇಲ್ಲಿಯ ಪಾಪ್. ನಾವು ಬಾಯಿ ಮುಚ್ಚಿಕೊಂಡು ಚಹಾ ಮಾಡಲು ಎದ್ದು ಹೋಗುವ ಹೊತ್ತು ಅದು. ಒಂದು ಕಲ್ಯಾಣಿಯನ್ನೋ ಯಮನ್ನನ್ನೋ ಆಗಾಗ ಹಾಕಿದರೆ ಏನು ಗಂಟು ಹೋಗುತ್ತದೆ ಸ್ವಾಮಿ?

ಶಿವಮೊಗ್ಗದಿಂದ ಬಂದಿದ್ದಾಗ ಅಪ್ಪ ಇದನ್ನು ನೋಡಿ ಕೇಳಿದ ಮೊದಲ ಮಾತು, ‘ಗೆದ್ರೆ ಎಷ್ಟು ಕೊಡ್ತಾರೋ?’ ದುಡ್ಡಿಲ್ಲ ಅಪ್ಪ, ಒಂದು ಟ್ರೋಫಿ ಅಷ್ಟೇ ಅಂದೆ. ‘ಹಾಗಾದ್ರೆ ನಮ್ಮ ಸೋಮೇಶ್ವರ ಅವರೇ ವಾಸಿ, ಪುಸ್ತಕನಾದ್ರೂ ಕೊಡ್ತಾರೆ’ ಅಂದರು. 2002ರಿಂದ ಚಂದನದಲ್ಲಿ ಡಾ. ನಾ. ಸೋಮೇಶ್ವರ ನಡೆಸುವ ‘ಥಟ್ ಅಂತ ಹೇಳಿ’ ನೋಡುತ್ತಾ ಬೆಳೆದ ಮನೆ ನಮ್ಮದು, ಅಪ್ಪನಿಗೆ ಕ್ವಿಜ್ ಅಂದರೆ ಅದೇ. ಆದರೆ ಕೋಟಿ ಕೋಟಿ ಆಸೆ ತೋರಿಸುವ ಶೋಗಳ ಮುಂದೆ ಇವೆರಡೂ ಒಂದೇ ಜಾತಿಗೆ ಸೇರಿದವು, ಅಲ್ವಾ? ಕಾಲೇಜಿನವರಿಗೆ ಇಂಥದ್ದೇ ಬಜರ್ ಆಟ ಕನ್ನಡದಲ್ಲಿ ಬಂದರೆ ನಾನು ಖಂಡಿತ ನೋಡುತ್ತೇನೆ. ಇದೇ ಶೋನ ಭಾರತದ ಆವೃತ್ತಿಯೊಂದನ್ನು ಸಿದ್ಧಾರ್ಥ ಬಸು ಬಿಬಿಸಿ ವರ್ಲ್ಡ್‌ನಲ್ಲಿ ನಡೆಸಿದ್ದರು, ಇಂಗ್ಲಿಷಿನಲ್ಲಿ. ಅದು ಜಾಸ್ತಿ ದಿನ ಬಾಳಲಿಲ್ಲ.

ಹೊಸದಾಗಿ ನೋಡುವವರು ಮೊದಲ ಸುತ್ತಿನಿಂದ ಶುರು ಮಾಡಬೇಡಿ. ಅಲ್ಲೇ 14 ಪಂದ್ಯ, ಕೆಲವು ಏಕಪಕ್ಷೀಯವಾಗಿ ಮುಗಿಯುತ್ತವೆ, ಬೇಜಾರಾದೀತು. ನೇರ ಕ್ವಾರ್ಟರ್ ಫೈನಲ್‌ಗೆ ಹೋಗಿ. ಅಲ್ಲಿ ಒಂದು ಸೋಲಿಗೆ ಮನೆಗೆ ಕಳಿಸುವುದಿಲ್ಲ. ಎರಡು ಗೆದ್ದವರು ಸೆಮಿಗೆ, ಎರಡು ಸೋತವರು ಊರಿಗೆ. ಹಾಗಾಗಿ ಒಂದು ಸಲ ಅವಸರದಲ್ಲಿ ಒತ್ತಿ ಕೆಟ್ಟ ತಂಡ ಮುಂದಿನ ಪಂದ್ಯದಲ್ಲಿ ಹೇಗೆ ಕೈ ತಡೆದುಕೊಳ್ಳುತ್ತದೆ ಅಂತ ಕಣ್ಣಾರೆ ನೋಡಬಹುದು. ಮತ್ತೆ ಸಬ್‌ಟೈಟಲ್ ಆಫ್ ಮಾಡಿ. ರೆಕಾರ್ಡ್ ಆದ ಶೋ ಅಲ್ವಾ, ಕೆಲವೊಮ್ಮೆ ಉತ್ತರ ಆಟಗಾರರ ಬಾಯಿಗೆ ಬರುವ ಮೊದಲೇ ಪರದೆಯ ಕೆಳಗೆ ಬಂದುಬಿಡುತ್ತದೆ, ಮನೆಯಲ್ಲಿ ಜಗಳ ಖಾತ್ರಿ.