ಮ್ಯಾರಥಾನ್ ತಯಾರಿಗೆ ಜಿಪಿಎಸ್ ವಾಚ್: ಹಲವು ವರ್ಷ ಬಳಸಿದ ಮೇಲೆ

ನನ್ನದು ಮಧ್ಯಮ ದರ್ಜೆಯ ಓಟದ ವಾಚ್. ನಕ್ಷೆ, ಹಾಡು, ಟಚ್ ಸ್ಕ್ರೀನ್ ಒಂದೂ ಇಲ್ಲ. ಬಟನ್ ಇವೆ, ಜಿಪಿಎಸ್ ಇದೆ, ಹೃದಯ ಬಡಿತ ಅಳೆಯುವ ಹಸಿರು ದೀಪ ಇದೆ. ಮ್ಯಾರಥಾನ್ ತಯಾರಿಗೆ ಇಷ್ಟು ಸಾಕು. ಬೆವರಿದ ಬೆರಳಿಗೆ ಟಚ್ ಸ್ಕ್ರೀನ್ ಮಾತು ಕೇಳುವುದೂ ಇಲ್ಲ ಬಿಡಿ.

ಇದು ಜಾಸ್ತಿ ಉಪಯೋಗಕ್ಕೆ ಬಂದದ್ದು ನಿಧಾನವಾಗಿ ಓಡಲು. ವಾರದ ಹೆಚ್ಚಿನ ಓಟಗಳು ಮಾತಾಡಿಕೊಂಡೇ ಓಡುವಷ್ಟು ಆರಾಮಾಗಿರಬೇಕು. ಎಲ್ಲರಿಗೂ ಗೊತ್ತು, ಪಾಲಿಸುವವರು ಕಡಿಮೆ. ಬಡಿತಕ್ಕೆ ಒಂದು ಮಿತಿ ಹಾಕಿಟ್ಟರೆ, ದಾಟಿದ ಕೂಡಲೇ ವಾಚ್ ನಡುಗುತ್ತದೆ. ಕಿರಿಕಿರಿ ನಿಜ. ಆದರೆ ವಾರದ ಕೊನೆಯ 30 ಕಿ.ಮೀ. ಲಾಂಗ್ ರನ್‌ಗೆ ಕಾಲಿನಲ್ಲಿ ಶಕ್ತಿ ಉಳಿಯುವುದು ಅದರಿಂದಲೇ. ಮಿತಿ ಹಾಕುವ ಮೊದಲು ಒಂದು ವಿಷಯ ನೋಡಿ. ಎಷ್ಟೋ ವಾಚ್‌ಗಳು 220ರಿಂದ ವಯಸ್ಸು ಕಳೆದು ಗರಿಷ್ಠ ಬಡಿತ ಹಾಕಿಕೊಂಡಿರುತ್ತವೆ. ಅದು ಸರಾಸರಿ ಲೆಕ್ಕ, ನಿಮ್ಮದು 10 ಬಡಿತ ಆಚೀಚೆ ಇರಬಹುದು.

ಸ್ಟ್ರಾಪ್ ಸಡಿಲವಿದ್ದರೆ ಕೆಲವೊಮ್ಮೆ ಹೆಜ್ಜೆಯ ಲಯವನ್ನೇ ಬಡಿತ ಎಂದುಕೊಳ್ಳುತ್ತದೆ. ನಿಧಾನ ಓಟದಲ್ಲಿ ಸುಮ್ನೆ 170 ತೋರಿಸಿದರೆ ಮೊದಲು ಸ್ಟ್ರಾಪ್ ಬಿಗಿ ಮಾಡಿ. ಇಂಟರ್ವಲ್ ಓಟಕ್ಕಂತೂ (ಸ್ವಲ್ಪ ಹೊತ್ತು ಜೋರಾಗಿ, ಸ್ವಲ್ಪ ಹೊತ್ತು ನಿಧಾನವಾಗಿ ಓಡುವುದು) ಎದೆಗೆ ಕಟ್ಟಿ ಬಡಿತ ಅಳೆಯುವ ಎದೆಪಟ್ಟಿಯೇ ಸರಿ.

ಇನ್ನು ರೇಸ್ ದಿನ. ಇಲ್ಲಿ ವಾಚ್ ತೋರಿಸುವ ದೂರ ನಂಬಬೇಡಿ. ಮ್ಯಾರಥಾನ್ 42.195 ಕಿ.ಮೀ., ಆದರೆ ಆ ದಾರಿಯನ್ನು ಅಳೆಯುವುದು ತಿರುವುಗಳ ಒಳಅಂಚು ಹಿಡಿದು, ಅತಿ ಚಿಕ್ಕ ಹಾದಿಯಲ್ಲಿ. ದಾರಿ ಕಡಿಮೆ ಬೀಳಬಾರದೆಂದು 0.1 ಶೇಕಡಾ, ಅಂದರೆ ಸುಮಾರು 42 ಮೀಟರ್, ಜಾಸ್ತಿಯೂ ಸೇರಿಸುತ್ತಾರೆ. ಜನಜಂಗುಳಿಯಲ್ಲಿ ನಾವು ಒಳಅಂಚು ಹಿಡಿಯಲು ಆಗುವುದಿಲ್ಲ ಅಲ್ವಾ? ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಕೂಡ ಅಡ್ಡಾದಿಡ್ಡಿ ಓಡುತ್ತದೆ. ಹಾಗಾಗಿ ಕೊನೆಗೆ 42.6 ಎಂದು ತೋರಿಸಿದರೆ ಆಶ್ಚರ್ಯವಿಲ್ಲ. 4 ಗಂಟೆಯೊಳಗೆ ಮುಗಿಸಲು ಕಿ.ಮೀ.ಗೆ 5 ನಿಮಿಷ 41 ಸೆಕೆಂಡ್ ಬೇಕು. ವಾಚ್‌ನ ಲೆಕ್ಕದಲ್ಲಿ ಅದೇ ವೇಗ ಹಿಡಿದು 42.6 ಓಡಿದರೆ 4 ಗಂಟೆ 2 ನಿಮಿಷ! ಪರಿಹಾರ ಸುಲಭ. ವಾಚ್ ತನ್ನ ಲೆಕ್ಕದ ಪ್ರತಿ ಕಿ.ಮೀ.ಗೆ ತಾನೇ ಸಮಯ ಗುರುತಿಸುವ ಆಟೋ ಲ್ಯಾಪ್ ಆಫ್ ಮಾಡಿ, ರಸ್ತೆ ಬದಿಯ ಕಿ.ಮೀ. ಫಲಕ ಬಂದಾಗಲೆಲ್ಲ ಲ್ಯಾಪ್ ಬಟನ್ ಒತ್ತಿ. ಆಗ ಫಲಕದಿಂದ ಫಲಕಕ್ಕೆ ಎಷ್ಟು ಸಮಯ ಹಿಡಿಯಿತೆಂದು ಗೊತ್ತಾಗುತ್ತದೆ. ಬಟನ್ ಇರುವ ವಾಚ್ ಬೇಕು ಎನ್ನುವುದು ಇದಕ್ಕೇ.

ವಾಚ್ ಹೇಳುವ ಫಿನಿಶ್ ಸಮಯದ ಭವಿಷ್ಯವಾಣಿ ಬರೀ ಆಸೆ ಹುಟ್ಟಿಸುವ ಅಂಕಿ. ರೇಸ್‌ಗೆ ಮುಂಚಿನ 2-3 ವಾರ ಓಟ ಕಡಿಮೆ ಮಾಡಿದಾಗ ಬರುವ 'ಫಿಟ್‌ನೆಸ್ ಇಳಿಯುತ್ತಿದೆ' ಸಂದೇಶಕ್ಕೂ ಕಿವಿಗೊಡಬೇಡಿ. ಆ ವಿಶ್ರಾಂತಿ ಬೇಕೇ ಬೇಕು. 30 ನಿಮಿಷಕ್ಕೊಮ್ಮೆ ಜೆಲ್ (ಓಡುತ್ತಲೇ ನುಂಗುವ ಸಿಹಿ ಪಾಕದ ಪ್ಯಾಕೆಟ್) ನೆನಪಿಸುವ ಅಲಾರಂ ಮಾತ್ರ ತಪ್ಪದೆ ಇಟ್ಟುಕೊಳ್ಳಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು, ಅದನ್ನು ಲಾಂಗ್ ರನ್‌ಗಳಲ್ಲೇ ಅಭ್ಯಾಸ ಮಾಡಬೇಕು.

ಬ್ಯಾಟರಿ ಮೊದಲಿನಷ್ಟು ಬಾಳುತ್ತಿಲ್ಲ. ಆದರೂ ಒಂದು ಮ್ಯಾರಥಾನ್ ಆರಾಮಾಗಿ ದಾಟಿಸುತ್ತದೆ. ಮೊದಲು ಹಾಳಾದದ್ದು ರಬ್ಬರ್ ಸ್ಟ್ರಾಪ್. ಕೊಳ್ಳುವಾಗ ಅದನ್ನು ನೀವೇ ಬದಲಿಸಲು ಬರುತ್ತದೆಯೇ ನೋಡಿಕೊಳ್ಳಿ. ನನ್ನ ಅಂಕ 5ಕ್ಕೆ 4.